ವಚನ ಹೆಕ್ಕುವ ಮುನ್ನ ಪುಸ್ತಕ ಓದೋಣ

ಡಿಸೆಂಬರ್ 31ರ ರಾತ್ರಿ ನಮ್ಮ ಅನೇಕ ಸಭೆಗಳಲ್ಲಿ ಎರಡು ಸಂಗತಿ ನಡೆಯುತ್ತವೆ. ಆರಾಧನೆ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿಟ್ಟ ವಾಗ್ದಾನದ ಚೀಟಿಗಳಲ್ಲಿ ಒಂದನ್ನು ಎತ್ತಿಕೊಂಡು, ವರ್ಷವಿಡೀ ಇದೇ ನನ್ನ ವಚನ ಎಂದು ಬೈಬಲಿನೊಳಗೆ ಇಟ್ಟುಕೊಳ್ಳುತ್ತೇವೆ. ಅದೇ ಉತ್ಸಾಹದಲ್ಲಿ, ಈ ವರ್ಷವಾದರೂ ಆದಿಕಾಂಡದಿಂದ ಪ್ರಕಟನೆಯವರೆಗೆ ಓದಿ ಮುಗಿಸಿಯೇ ಸಿದ್ಧ ಎಂದು ಮನಸ್ಸಿನಲ್ಲೇ ತೀರ್ಮಾನಿಸುತ್ತೇವೆ. ಚೀಟಿ ಮುಂದಿನ ಡಿಸೆಂಬರ್‌ವರೆಗೂ ಉಳಿಯುತ್ತದೆ. ತೀರ್ಮಾನ ಫೆಬ್ರವರಿ ದಾಟುವುದೇ ಕಷ್ಟ.

ಯಾಕೆ ಹೀಗಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಪ್ರಾಟೆಸ್ಟಂಟ್ ಸಭೆಗಳ ಬೈಬಲಿನಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ಕಥೋಲಿಕರ ಬೈಬಲಿನಲ್ಲಿ ಪುಸ್ತಕಗಳೇ 73. ವರ್ಷದೊಳಗೆ ಮುಗಿಯಬೇಕೆಂದರೆ ದಿನಕ್ಕೆ ಮೂರಕ್ಕೂ ಹೆಚ್ಚು ಅಧ್ಯಾಯ ಓದಬೇಕು. ಆದಿಕಾಂಡದ 50 ಅಧ್ಯಾಯಗಳು ಕಥೆಯಾಗಿ ಓಡಿಸಿಕೊಂಡು ಹೋಗುತ್ತವೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ, ಸೀನಾಯಿ ಬೆಟ್ಟದವರೆಗೂ ತೊಂದರೆಯಿಲ್ಲ. ಆಮೇಲೆ ಗುಡಾರದ ಹಲಗೆ, ಪರದೆಗಳ ಅಳತೆ ಶುರು. ಜನವರಿಯ ಕೊನೆಯ ವಾರದಲ್ಲಿ ಯಾಜಕಕಾಂಡ ಎದುರಾಗುತ್ತದೆ: ಯಾವ ಯಜ್ಞಕ್ಕೆ ಯಾವ ಪಶು, ಅದರ ಕೊಬ್ಬನ್ನು ಏನು ಮಾಡಬೇಕು, ಚರ್ಮದ ಮೇಲಿನ ಕಲೆಯನ್ನು ಯಾಜಕನು ಹೇಗೆ ಪರೀಕ್ಷಿಸಬೇಕು. ಒಂದೆರಡು ದಿನ ತಪ್ಪುತ್ತದೆ, ಬಾಕಿ ಏರುತ್ತದೆ, ಬಾಕಿ ತೀರಿಸಲು ಕಣ್ಣೋಡಿಸುತ್ತೇವೆ, ಕೊನೆಗೆ ಅಪರಾಧಿ ಭಾವದಿಂದ ಬಿಟ್ಟುಬಿಡುತ್ತೇವೆ.

ಇಡೀ ಬೈಬಲನ್ನು ಓದುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಇಂಥ ಯೋಜನೆಗಳಲ್ಲಿ ಬಹಳ ಹೆಸರುವಾಸಿಯಾದುದನ್ನು ಸಿದ್ಧಪಡಿಸಿದವರೇ ಅದರ ಅಪಾಯಗಳನ್ನೂ ಹೇಳಿದ್ದರು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕ ರಾಬರ್ಟ್ ಮರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ವರ್ಷದ ಪಠಣ ಪಟ್ಟಿಯೊಂದನ್ನು ಮಾಡಿಕೊಟ್ಟರು. ಅದನ್ನು ಇಂದಿಗೂ ಲೋಕದ ನಾನಾ ಕಡೆ ಬಳಸುತ್ತಾರೆ. ಓದು ಬರೀ ಆಚಾರವಾದೀತು, ಓದಿದೆನೆಂಬ ಹೆಮ್ಮೆ ಬಂದೀತು, ಗಮನವಿಲ್ಲದೆ ಪುಟ ತಿರುವುವ ಚಾಳಿ ಬಿದ್ದೀತು, ಕೆಲವರಿಗೆ ಹೊರಲಾರದ ನೊಗವಾದೀತು ಎಂದು ಅವರು ಆ ಪಟ್ಟಿಯ ಜೊತೆಗೇ ಎಚ್ಚರಿಸಿದ್ದರು. ಪಟ್ಟಿ ನಮ್ಮವರೆಗೂ ಬಂತು, ಎಚ್ಚರಿಕೆ ಅಷ್ಟಾಗಿ ಬರಲಿಲ್ಲ.

ಚೀಟಿಯ ವಚನ, ವರ್ಷದ ಪಟ್ಟಿ ಎರಡೂ ಒಂದೇ ಕಡೆ ಎಡವುತ್ತವೆ. ಒಂದು ಪುಸ್ತಕದಿಂದ ಒಂದು ಸಾಲನ್ನು ಕಿತ್ತು ತರುತ್ತದೆ. ಇನ್ನೊಂದು ಯಾವ ಪುಸ್ತಕದಲ್ಲೂ ನಿಲ್ಲಲು ಬಿಡದೆ ಓಡಿಸುತ್ತದೆ. ಬೈಬಲಿನ ಒಂದೊಂದು ಪುಸ್ತಕವೂ ಯಾರೋ ಯಾರಿಗೋ ಯಾವುದೋ ಸಂದರ್ಭದಲ್ಲಿ ಹೇಳಿದ ಪೂರ್ತಿ ಮಾತು ಎಂಬುದು ಎರಡರಲ್ಲೂ ಮರೆತುಹೋಗುತ್ತದೆ. ವೈಯಕ್ತಿಕ ಅಧ್ಯಯನಕ್ಕೆ ಜೀವ ಬರಬೇಕಾದರೆ ಒಂದು ಕಾಲಕ್ಕೆ ಒಂದೇ ಪುಸ್ತಕವನ್ನು ಹಿಡಿದು, ಅದು ಪರಿಚಯವಾಗುವವರೆಗೆ ಅದರಲ್ಲೇ ಇರಬೇಕು. ಈ ಲೇಖನ ಹೇಳಹೊರಟಿರುವುದು ಇಷ್ಟೇ. ಉಳಿದದ್ದು ಅದನ್ನು ಹೇಗೆ ಮಾಡಬಹುದು ಎಂಬ ವಿವರ.

ಮೊದಲು, ಸಂದರ್ಭ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ವಾಗ್ದಾನದ ಚೀಟಿಗಳಲ್ಲಿ ಮತ್ತೆ ಮತ್ತೆ ಸಿಗುವ ವಚನ ಯೆರೆಮೀಯನ 29ನೇ ಅಧ್ಯಾಯದ 11ನೆಯದು. ದೇವರ ಆಲೋಚನೆ ಕೇಡಿನದಲ್ಲ, ಹಿತದ್ದು. ಮುಂದೆ ನಿರೀಕ್ಷೆಯಿದೆ ಎಂಬುದು ಅದರ ಭಾವ. ಹೊಸ ಕೆಲಸ, ಮದುವೆ, ವೀಸಾ ಎಲ್ಲದಕ್ಕೂ ನಾವು ಅದನ್ನು ಹೇಳಿಕೊಳ್ಳುತ್ತೇವೆ. ಅಧ್ಯಾಯವನ್ನು ಮೊದಲಿಂದ ಓದಿದರೆ ಅದು ಒಂದು ಪತ್ರವೆಂದು ತಿಳಿಯುತ್ತದೆ. ನೆಬೂಕದ್ನೆಚ್ಚರನು ಬಾಬೆಲಿಗೆ ಸೆರೆ ಒಯ್ದಿದ್ದ ಜನರಿಗೆ ಪ್ರವಾದಿ ಯೆರೂಸಲೇಮಿನಿಂದ ಬರೆದದ್ದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಿಟ್ಟ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಅವನು ಹೇಳುತ್ತಾನೆ. ಬಿಡುಗಡೆ ಯಾವಾಗ? ಹತ್ತನೇ ವಚನದಲ್ಲಿ ಉತ್ತರವಿದೆ: 70 ವರ್ಷ ತುಂಬಿದ ಮೇಲೆ. ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಆ ದಿನವನ್ನು ನೋಡುವಂತಿರಲಿಲ್ಲ.

ಒಂದು ಅಧ್ಯಾಯ ಹಿಂದಕ್ಕೆ ಹೋದರೆ ಚಿತ್ರ ಪೂರ್ತಿಯಾಗುತ್ತದೆ. 28ರಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಎಲ್ಲರೆದುರು ಸಾರುತ್ತಾನೆ. ಜನರಿಗೆ ಬೇಕಾಗಿದ್ದ ಮಾತು ಅದೇ. ಆದರೆ ಅವನನ್ನು ಸುಳ್ಳು ಪ್ರವಾದಿಯೆಂದು ಪುಸ್ತಕ ತೀರ್ಪು ಕೊಡುತ್ತದೆ. ಅಂದರೆ ತಕ್ಷಣದ ಯಶಸ್ಸಿನ ಭರವಸೆಯಾಗಿ ನಾವು ಚೀಟಿಯಲ್ಲಿ ಇಟ್ಟುಕೊಂಡದ್ದು, ತಕ್ಷಣದ ಯಶಸ್ಸನ್ನು ಮಾರುವವರ ವಿರುದ್ಧ ಆಡಿದ ಮಾತು. ಹೀಗೆ ಓದಿದಾಗ ವಾಗ್ದಾನವೇನೂ ಕಳೆದುಹೋಗುವುದಿಲ್ಲ. ಹತ್ತು ವರ್ಷದಿಂದ ಕಾಯಿಲೆಯ ಗಂಡನನ್ನು ನೋಡಿಕೊಳ್ಳುತ್ತಿರುವ ಹೆಂಗಸಿಗೆ, ಕೆಲಸ ಹೋಗಿ ಇನ್ನೂ ಸಿಗದವನಿಗೆ, ಎರಡು ವರ್ಷದ ಹನನ್ಯನಿಗಿಂತ ಎಪ್ಪತ್ತು ವರ್ಷದ ಯೆರೆಮೀಯನೇ ಹೆಚ್ಚು ಆಸರೆಯಾಗುತ್ತಾನೆ.

ಇನ್ನೊಂದು ಉದಾಹರಣೆ ಇನ್ನೂ ಚುರುಕಾದದ್ದು. ಆರಂಭ ಚಿಕ್ಕದಾದರೂ ಕೊನೆ ಬಹಳ ದೊಡ್ಡದಾಗುವುದು ಎಂಬ ಅರ್ಥದ ವಚನವನ್ನು ಅಂಗಡಿಯ ಗೋಡೆಯಲ್ಲೋ ಕ್ಯಾಲೆಂಡರಿನಲ್ಲೋ ನೋಡಿರುತ್ತೀರಿ. ಅದು ಯೋಬನ 8ನೇ ಅಧ್ಯಾಯದ 7ನೇ ವಚನ. ಹೇಳಿದವನು ಯೋಬನ ಸ್ನೇಹಿತ ಬಿಲ್ದದ. ಅದಕ್ಕೆ ಮೂರು ವಚನ ಮೊದಲು ಇದೇ ಬಿಲ್ದದ, ಹತ್ತು ಮಕ್ಕಳನ್ನು ಕಳೆದುಕೊಂಡು ಬೂದಿಯಲ್ಲಿ ಕೂತಿರುವ ತಂದೆಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಹಾಗಾಗಿರಬೇಕು ಎಂಬರ್ಥದ ಮಾತಾಡುತ್ತಾನೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಮೇಲೂ ಅವನ ಇಬ್ಬರು ಸ್ನೇಹಿತರ ಮೇಲೂ ಕೋಪಗೊಳ್ಳುತ್ತಾನೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಯೋಬನ ಕಡೆಯ ದಿನಗಳು ಸಮೃದ್ಧವಾದದ್ದು ನಿಜ. ಆದರೆ ಅದು ಬಿಲ್ದದನ ತರ್ಕ ಗೆದ್ದದ್ದರಿಂದಲ್ಲ. ಬೈಬಲಿನಲ್ಲಿ ಇದೆ ಎಂದ ಮಾತ್ರಕ್ಕೆ ಅದು ದೇವರು ನಮಗೆ ಕೊಟ್ಟ ಮಾತಾಗುವುದಿಲ್ಲ. ಯಾರು, ಯಾರಿಗೆ, ಯಾಕೆ ಹೇಳಿದರೆಂದು ಕೇಳಲೇಬೇಕು. ದೇವಾಲಯದ ಶಿಖರದ ಮೇಲೆ ಯೇಸುವಿನ ಮುಂದೆ 91ನೇ ಕೀರ್ತನೆಯ ಮಾತನ್ನು ಬಾಯಿಪಾಠ ಒಪ್ಪಿಸಿದವನು ಸೈತಾನನೇ ಎಂಬುದನ್ನು ಮತ್ತಾಯನು ಬರೆದಿಟ್ಟಿದ್ದಾನೆ.

ಹಾಗಾದರೆ ಎಲ್ಲಿಂದ ತೊಡಗಬೇಕು? ಸಣ್ಣದರಿಂದ. ಸುವಾರ್ತೆಗಳಲ್ಲಿ ಮಾರ್ಕನದು ಚಿಕ್ಕದು, 16 ಅಧ್ಯಾಯ. ಒಂದು ಭಾನುವಾರ ಮಧ್ಯಾಹ್ನ ಕೂತರೆ ಒಂದೇ ಓಟಕ್ಕೆ ಓದಬಹುದು. ರೂತಳ ಪುಸ್ತಕ 4 ಅಧ್ಯಾಯ. ಫಿಲಿಪ್ಪಿಯವರಿಗೆ ಬರೆದದ್ದೂ 4. ಮೊದಲ ಸಲ ಪೂರ್ತಿ ಓದುವಾಗ ಅರ್ಥವಾಗದ ಕಡೆ ನಿಲ್ಲಬೇಡಿ, ಗುರುತು ಹಾಕಿ ಮುಂದೆ ಹೋಗಿ. ಆಮೇಲೆ ದಿನಕ್ಕೊಂದು ಭಾಗದಂತೆ ನಿಧಾನವಾಗಿ ಹಿಂದಿರುಗಿ ಬನ್ನಿ. ಅಧ್ಯಾಯದ ಗಡಿಯನ್ನು ದೇವರು ಹಾಕಿದ ಗೆರೆಯೆಂದು ತಿಳಿಯಬೇಕಿಲ್ಲ. ಇಂದಿನ ಅಧ್ಯಾಯ ವಿಂಗಡಣೆ 13ನೇ ಶತಮಾನದ ಆರಂಭದಲ್ಲಿ ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ಈಗಿನ ವಚನ ಸಂಖ್ಯೆಗಳು ರಾಬೆರ್ ಎಸ್ತಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ್ದು. ಹುಡುಕಲು ಅನುಕೂಲವಾಗಲೆಂದು ಮಾಡಿದ ಈ ಗೆರೆಗಳು ಕೆಲವು ಕಡೆ ಮಾತಿನ ನಡುವೆಯೇ ಬಿದ್ದಿವೆ. ಸೃಷ್ಟಿಯ ಏಳನೆಯ ದಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿಲ್ಲ, ಎರಡನೆಯದರ ಮೊದಲ ಮೂರು ವಚನಗಳಲ್ಲಿದೆ. ಬಾಧೆಪಡುವ ಸೇವಕನ ಕುರಿತಾದ ಯೆಶಾಯನ ಕಾವ್ಯವು 53ರಲ್ಲಿ ಅಲ್ಲ, 52ರ 13ನೇ ವಚನದಲ್ಲೇ ಶುರುವಾಗುತ್ತದೆ. ಒಂದು ಸಂಗತಿ ಮುಗಿಯುವವರೆಗೆ ಓದಿ. ಅಧ್ಯಾಯ ಮುಗಿಯಿತೆಂದು ನಿಲ್ಲಿಸಬೇಡಿ.

ಕೈಯಲ್ಲಿರುವುದು ಯಾವ ಬಗೆಯ ಬರಹ ಎಂಬುದೂ ಗೊತ್ತಿರಬೇಕು. ಜ್ಞಾನೋಕ್ತಿ ಬದುಕಿನ ಸಾಮಾನ್ಯ ನಡೆಯನ್ನು ಹೇಳುವ ಗಾದೆಗಳ ಸಂಗ್ರಹ; ಅದರ ಒಂದೊಂದು ಸಾಲನ್ನೂ ಖಾತರಿ ಪತ್ರವೆಂದು ಹಿಡಿದರೆ ನಿರಾಸೆಯಾಗುತ್ತದೆ. ಕೀರ್ತನೆಗಳು ಪ್ರಾರ್ಥನೆ, ಹಾಡು. ಅಲ್ಲಿ ಕೋಪ, ಅನುಮಾನ, ದೂರು ಎಲ್ಲವೂ ಇವೆ. ನ್ಯಾಯಸ್ಥಾಪಕರ ಪುಸ್ತಕ ನಡೆದದ್ದನ್ನು ಹೇಳುತ್ತದೆ. ಎಫ್ತಾಹನ ಹರಕೆ ಅಲ್ಲಿದೆ ಎಂದರೆ ಅದನ್ನು ಅನುಸರಿಸಬೇಕೆಂದಲ್ಲ. ಯಾಜಕಕಾಂಡದ ಬಲಿಗಳನ್ನು ಇಬ್ರಿಯರಿಗೆ ಬರೆದ ಪತ್ರಿಕೆಯ ಪಕ್ಕದಲ್ಲಿಟ್ಟು ಓದಿದರೆ, ಜನವರಿಯಲ್ಲಿ ನಿದ್ದೆ ತರಿಸಿದ ಅಧ್ಯಾಯಗಳೇ ಮಾತಾಡಲು ತೊಡಗುತ್ತವೆ.

ಈಗ ಒಂದು ಪುಸ್ತಕವನ್ನೇ ತೆಗೆದುಕೊಂಡು ನೋಡೋಣ. ಫಿಲೆಮೋನನಿಗೆ ಪೌಲನು ಬರೆದ ಪತ್ರ ಒಂದೇ ಅಧ್ಯಾಯ, 25 ವಚನ. ಐದು ನಿಮಿಷದೊಳಗೆ ಮುಗಿಯುತ್ತದೆ. ವರ್ಷದ ಪಟ್ಟಿಯಲ್ಲಿ ಅದಕ್ಕೆ ಒಂದು ದಿನವೂ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಒಂದು ವಾರ ಕೊಡಿ.

ಮೊದಲ ದಿನ ಗಟ್ಟಿಯಾಗಿ ಎರಡು ಸಲ ಓದಿ, ಅಲ್ಲಿರುವ ಜನರ ಪಟ್ಟಿ ಮಾಡಿ. ಬರೆಯುವವನು ಸೆರೆಯಲ್ಲಿರುವ ಪೌಲ, ಜೊತೆಗೆ ತಿಮೊಥೆಯ. ಓದುವವನು ಫಿಲೆಮೋನ, ಆದರೆ ಅವನೊಬ್ಬನೇ ಅಲ್ಲ. ಅಪ್ಫಿಯ, ಅರ್ಖಿಪ್ಪ ಮತ್ತು ಅವನ ಮನೆಯಲ್ಲಿ ಸೇರುವ ಸಭೆಯ ಹೆಸರೂ ಇದೆ. ವಿಷಯ ಒನೇಸಿಮನೆಂಬ ದಾಸನದು. ಎರಡನೆಯ ದಿನ, ಪೌಲನು ಏನು ಕೇಳುತ್ತಿದ್ದಾನೆ, ಹೇಗೆ ಕೇಳುತ್ತಿದ್ದಾನೆ ಎಂದು ಗೆರೆ ಎಳೆಯಿರಿ. ಅಪ್ಪಣೆ ಕೊಡಬಲ್ಲೆ, ಆದರೆ ಪ್ರೀತಿಯಿಂದ ಬೇಡುತ್ತೇನೆ ಎನ್ನುತ್ತಾನೆ. ಒನೇಸಿಮನನ್ನು ಸೆರೆಯಲ್ಲಿ ಪಡೆದ ಮಗನೆನ್ನುತ್ತಾನೆ. ಅವನಿಂದ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಲ್ಲಿ ಬರೆದುಕೊಡುತ್ತಾನೆ. ಕೊನೆಯಲ್ಲಿ, ನನಗೂ ತಂಗಲು ಜಾಗ ಸಿದ್ಧಮಾಡು ಎನ್ನುತ್ತಾನೆ. ಸಭೆಯೆದುರು ಓದಿಸುವ ಪತ್ರ, ಮುಂದೆ ತಾನೇ ಬಂದು ನೋಡುವ ಸೂಚನೆ: ಇಷ್ಟು ಮೃದುವಾದ ಬೇಡಿಕೆಯೊಳಗೆ ಎಷ್ಟು ಬಿಗಿ ಇದೆ ಎಂಬುದು ಆಗ ಕಾಣುತ್ತದೆ.

ಮೂರನೆಯ ದಿನ, ಪತ್ರ ಏನನ್ನು ಹೇಳುವುದಿಲ್ಲ ಎಂದು ಬರೆಯಿರಿ. ಒನೇಸಿಮನು ಯಾಕೆ ದೂರವಾದ ಎಂದು ಸ್ಪಷ್ಟವಾಗಿ ಹೇಳಿಲ್ಲ. ಅವನನ್ನು ಬಿಡುಗಡೆ ಮಾಡು ಎಂಬ ನೇರ ಆಜ್ಞೆಯೂ ಇಲ್ಲ. ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ ಸೇರಿಸಿಕೋ ಎಂದಿದೆ. ಫಿಲೆಮೋನನು ಏನು ಮಾಡಿದನೆಂಬುದೂ ಇಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರೂ ವಿರೋಧಿಸಿದವರೂ ಇದೇ 25 ವಚನಗಳನ್ನು ಹಿಡಿದು ವಾದಿಸಿದರು. ದಾಸನನ್ನು ಯಜಮಾನನ ಬಳಿಗೆ ಕಳುಹಿಸಿದ್ದನ್ನಷ್ಟೇ ಕಂಡವರಿಗೆ ಒಂದು ಅರ್ಥ ಸಿಕ್ಕಿತು. ಅವನನ್ನು ನನ್ನನ್ನೇ ಸೇರಿಸಿಕೊಂಡಂತೆ ಸೇರಿಸಿಕೋ ಎಂದದ್ದನ್ನು ಕಂಡವರಿಗೆ ಇನ್ನೊಂದು. ನಾಲ್ಕನೆಯ ದಿನ ಕೊಲೊಸ್ಸೆಯವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ತೆರೆಯಿರಿ. ಅಲ್ಲಿ ಒನೇಸಿಮನು ತುಖಿಕನ ಜೊತೆಗೆ ನಂಬಿಗಸ್ತನಾದ ಪ್ರಿಯ ಸಹೋದರನಾಗಿ ಬರುತ್ತಿದ್ದಾನೆ. ಪುಟದ ಅಂಚಿನಲ್ಲಿ ಕೊಟ್ಟಿರುವ ಹೋಲಿಕೆಯ ವಚನಗಳು ಇರುವುದೇ ಇಂಥ ಕೊಂಡಿಗಳನ್ನು ತೋರಿಸಲು.

ಐದನೆಯ ದಿನ ಪ್ರಶ್ನೆಯನ್ನು ಮನೆಯೊಳಗೆ ತನ್ನಿ. ನಮ್ಮ ಮನೆ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಇಟ್ಟಿದ್ದೇವೆಯೇ? ಸಭೆಯಲ್ಲಿ ನಾವು ಯಾರ ಪಕ್ಕ ಕೂರುತ್ತೇವೆ, ಯಾರ ಪಕ್ಕ ಕೂರುವುದಿಲ್ಲ? ಮದುವೆ ಮಾತುಕತೆಯಲ್ಲಿ ವಿಶ್ವಾಸದ ಜೊತೆಗೆ ಜಾತಿಯನ್ನೂ ವಿಚಾರಿಸುತ್ತೇವೆಯೇ? ಯಾರ ತಪ್ಪನ್ನು ನಮ್ಮ ಲೆಕ್ಕಕ್ಕೆ ಹಾಕಿಕೊಳ್ಳಲು ನಾವು ತಯಾರಿದ್ದೇವೆ? ಉಳಿದ ಎರಡು ದಿನ ಪ್ರಾರ್ಥನೆಗೂ, ಮಾಡಬೇಕಾದ ಒಂದು ಕೆಲಸಕ್ಕೂ ಇರಲಿ. ವಾರ ಮುಗಿದಾಗ ನೀವು ಓದಿದ್ದು ಒಂದೇ ಅಧ್ಯಾಯ. ಆದರೆ ಆ ಪತ್ರ ಇನ್ನು ಮರೆತುಹೋಗುವಂಥದ್ದಲ್ಲ.

ಈ ಕ್ರಮದಲ್ಲಿ ಹೊಸದೇನಿಲ್ಲ. ಮೊದಲು ಅಲ್ಲಿ ಏನಿದೆ ಎಂದು ಗಮನಿಸುವುದು, ಆಮೇಲೆ ಆಗಿನವರಿಗೆ ಅದರ ಅರ್ಥವೇನಾಗಿತ್ತೆಂದು ಕೇಳುವುದು, ಕೊನೆಗೆ ನನಗೇನು ಎಂದು ವಿಚಾರಿಸುವುದು. ನಾವು ಹೆಚ್ಚಾಗಿ ಮಾಡುವ ತಪ್ಪೆಂದರೆ ಮೊದಲೆರಡನ್ನು ಹಾರಿ ಮೂರನೆಯದಕ್ಕೆ ಧುಮುಕುವುದು. 12ನೇ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಇದನ್ನೇ ನಾಲ್ಕು ಮೆಟ್ಟಿಲಾಗಿ ವಿವರಿಸಿದ್ದ: ಓದು, ಮನನ, ಪ್ರಾರ್ಥನೆ, ದೇವರ ಸನ್ನಿಧಿಯಲ್ಲಿ ಮೌನ. ಓದಿನಿಂದ ಎದ್ದ ಪ್ರಶ್ನೆಯೇ ಪ್ರಾರ್ಥನೆಯಾಗುವುದರಿಂದ, ಏನು ಪ್ರಾರ್ಥಿಸಬೇಕೋ ತಿಳಿಯದು ಎನ್ನುವವರಿಗೂ ಈ ದಾರಿ ಒದಗುತ್ತದೆ. 119ನೇ ಕೀರ್ತನೆಯನ್ನು ಬರೆದವನೂ ಅವಸರದವನಲ್ಲ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ತಲಾ 8ರಂತೆ 176 ವಚನಗಳಲ್ಲಿ, ದೇವರ ಮಾತು ಎಂಬ ಒಂದೇ ವಿಷಯವನ್ನು ಸುತ್ತಿ ಸುತ್ತಿ ಧ್ಯಾನಿಸಿದ್ದಾನೆ.

ಇನ್ನು ದಿನಚರಿಯ ಮಾತು. ಎಷ್ಟು ಹೊತ್ತು ಎಂಬುದಕ್ಕಿಂತ ಯಾವ ಹೊತ್ತು ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಬೆಳಗಿನ ಕಾಫಿಯ ನಂತರವೋ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೋ, ರಾತ್ರಿ ಕುಟುಂಬ ಪ್ರಾರ್ಥನೆಗೆ ಮುಂಚೆಯೋ, ಈಗಾಗಲೇ ನಡೆಯುತ್ತಿರುವ ಒಂದು ಕೆಲಸಕ್ಕೆ ಅಂಟಿಸಿದರೆ ಅಭ್ಯಾಸ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಸಾಕು. ಮೊಬೈಲಿನಲ್ಲಿ ಓದುವವರು ಆ ಹೊತ್ತಿಗೆ ಇಂಟರ್ನೆಟ್ ಆರಿಸಿದರೆ ಒಳ್ಳೆಯದು. ಇಲ್ಲದಿದ್ದರೆ ರೋಮಾಪುರದವರ ನಡುವೆ ವಾಟ್ಸಾಪ್ ಬಂದು ಕೂರುತ್ತದೆ. ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಮೂರೇ ಸಾಲು: ಇಲ್ಲಿ ಕಂಡದ್ದು, ಅರ್ಥವಾಗದ್ದು, ಇಂದು ಮಾಡಬೇಕಾದ್ದು. ಎರಡನೆಯ ಸಾಲನ್ನು ಖಾಲಿ ಬಿಡಬೇಡಿ. ಪ್ರಶ್ನೆ ಏಳದ ಓದು ಬರೀ ಕಣ್ಣಿನ ಕೆಲಸ. ಒಂದು ದಿನ ತಪ್ಪಿದರೆ ಮರುದಿನ ನಿಂತಲ್ಲಿಂದ ಮುಂದುವರಿಸಿ. ಬಾಕಿ ತೀರಿಸುವ ಲೆಕ್ಕ ಇಲ್ಲಿ ಬೇಡ.

ಸಲಕರಣೆ ಹೆಚ್ಚೇನೂ ಬೇಡ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಅವರು ಮತ್ತು ಸಂಗಡಿಗರು ಕೈಹಾಕಿದ ಕನ್ನಡ ಬೈಬಲ್ ಪೂರ್ತಿಯಾಗಿ ಹೊರಬಂದದ್ದು 1831ರಲ್ಲಿ. ಆಮೇಲೆ ಬಾಸೆಲ್ ಮಿಷನ್ನಿನವರೂ ಸೇರಿ ಹಲವರು ಅದನ್ನು ತಿದ್ದುತ್ತಾ ಬಂದರು. ಹಾಗೆ ತಲೆಮಾರುಗಳ ತಾಳ್ಮೆಯಿಂದ ಬಂದ ಹಳೆಯ ಸತ್ಯವೇದದ ಕನ್ನಡ ಇಂದಿನ ಯುವಕರಿಗೆ ಕಷ್ಟವೆನಿಸಬಹುದು. ಅಂಥವರು ಸರಳ ಕನ್ನಡದ ಹೊಸ ಅನುವಾದವೊಂದನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಎರಡೂ ಬೇರೆಯಾಗಿ ಹೇಳುವ ಕಡೆ ನಿಂತು ನೋಡಿದರೆ ಅಲ್ಲೇ ಒಂದು ಒಳ್ಳೆಯ ಪ್ರಶ್ನೆ ಸಿಗುತ್ತದೆ. ವ್ಯಾಖ್ಯಾನ ಗ್ರಂಥ, ಯೂಟ್ಯೂಬ್ ಪ್ರಸಂಗ ಎಲ್ಲವೂ ಇರಲಿ, ಆದರೆ ನಿಮ್ಮ ಮೂರು ಸಾಲು ಬರೆದ ಮೇಲೆ. ಕಣ್ಣು ಮಂಜಾದ ಹಿರಿಯರು, ಓದು ಬಾರದವರು ಆಡಿಯೋ ಬೈಬಲ್ ಕೇಳಲಿ, ಮೊಮ್ಮಕ್ಕಳಿಂದ ಓದಿಸಲಿ. ಆದಿಸಭೆಯ ವಿಶ್ವಾಸಿಗಳಲ್ಲಿ ಬಹುಪಾಲು ಜನ ಈ ಪತ್ರಗಳನ್ನು ಓದಿದವರಲ್ಲ, ಕೇಳಿದವರು.

ವೈಯಕ್ತಿಕ ಎಂದರೆ ಒಂಟಿ ಎಂದಲ್ಲ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದಾನೆ. ಅರ್ಥವಾಗುತ್ತಿದೆಯೇ ಎಂದು ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಎಂದು ನಾಚಿಕೆಯಿಲ್ಲದೆ ಕೇಳಿ, ಅವನನ್ನು ಪಕ್ಕಕ್ಕೆ ಹತ್ತಿಸಿಕೊಳ್ಳುತ್ತಾನೆ. 17ನೇ ಅಧ್ಯಾಯದ ಬೆರೋಯದವರು ಇನ್ನೊಂದು ಮಾದರಿ. ಪೌಲನಂಥ ಬೋಧಕ ಹೇಳಿದ್ದನ್ನೂ ಅವರು ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರದಲ್ಲಿ ಪರೀಕ್ಷಿಸಿದರು, ಅದಕ್ಕಾಗಿ ಅವರಿಗೆ ಬೈಗುಳ ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಈ ಎರಡೂ ಒಟ್ಟಿಗೆ ಬೇಕು: ಕೇಳಿ ತಿಳಿಯುವ ವಿನಯ, ಕೇಳಿದ್ದನ್ನು ಪರೀಕ್ಷಿಸುವ ಧೈರ್ಯ. ಸಭಾಪಾಲಕರೂ ಇದಕ್ಕೆ ನೆರವಾಗಬಹುದು. ಭಾನುವಾರದ ಪ್ರಸಂಗ ವಾರಕ್ಕೊಂದು ಪುಸ್ತಕಕ್ಕೆ ಹಾರುವ ಬದಲು ಕೆಲವು ತಿಂಗಳು ಒಂದೇ ಪುಸ್ತಕದಲ್ಲಿ ನಡೆದರೆ, ಸಭೆಯವರು ಮನೆಯಲ್ಲಿ ಅದನ್ನೇ ಓದುತ್ತಾರೆ. ಆಗ ವಾರದ ನಡುವಿನ ಮನೆಕೂಟದಲ್ಲಿ ಮಾತಾಡಲು ಎಲ್ಲರ ಬಳಿಯೂ ಏನಾದರೂ ಇರುತ್ತದೆ.

ಬೈಬಲನ್ನು ಎಷ್ಟು ಸಲ ಓದಿ ಮುಗಿಸಿದಿರಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ಯಾವ ಪುಸ್ತಕವನ್ನು ಚೆನ್ನಾಗಿ ಬಲ್ಲಿರಿ, ಅದರಿಂದ ನಿಮ್ಮ ಮನೆಯಲ್ಲಿ ಏನು ಬದಲಾಯಿತು ಎಂಬುದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಹೊಸ ವರ್ಷಕ್ಕೆ ಕಾಯುವುದು ಬೇಡ. ನಾಳೆ ಬೆಳಿಗ್ಗೆ ಫಿಲೆಮೋನನಿಗೆ ಬರೆದ ಪತ್ರ ತೆರೆಯಿರಿ, ಒಂದು ವಾರ ಅದರಲ್ಲೇ ಇರಿ. ಆಮೇಲೆ ಮಾರ್ಕನಿಗೆ ಎರಡು ತಿಂಗಳು ಕೊಡಿ. ಓದುವಾಗ ಮನೆಯವರಲ್ಲೋ ಸ್ನೇಹಿತರಲ್ಲೋ ಒಬ್ಬರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ.